ಡ್ರೈವರ್ ಬೇಕಾಗಿದ್ದಾರೆ

ಫೆಬ್ರವರಿ ೩, ಸೋಮವಾರ

ಇಂದು ಬೆಳಿಗ್ಗೆ ಚಿಕ್ಕಪ್ಪ ಮೆಟ್ಟಿಲ ಮೇಲೆ ಮಲಗಿದ್ದ. ಮೇಲಿನ ಮಹಡಿಯ ಮುದುಕಿ ಹಾಲು ತರಲು ಇಳಿದವಳು ಅವನನ್ನು ದಾಟಿಕೊಂಡು ಹೋಗಿ, ಬರುವಾಗಲೂ ದಾಟಿಕೊಂಡು ಬಂದು, ಆಮೇಲೆ ನಮ್ಮ ಬಾಗಿಲು ಬಡಿದಳು. "ನಿಮ್ಮ ಮಿಲಿಟರಿಯವನು ಮೆಟ್ಟಿಲು ಕಾಯ್ತಿದ್ದಾನೆ, ನೋಡಮ್ಮ," ಎಂದಳು. ಅವಳಿಗೆ ಅದು ತಮಾಷೆ. ಅಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾವಿಬ್ಬರೂ ಸೇರಿ ಅವನನ್ನು ಎಬ್ಬಿಸಿದೆವು. ಎದ್ದ ತಕ್ಷಣ ಅವನು ಮಾಡಿದ ಮೊದಲ ಕೆಲಸವೆಂದರೆ ಅಂಗಿಯ ಗುಂಡಿಗಳನ್ನು ಸರಿಯಾಗಿ ಹಾಕಿಕೊಂಡದ್ದು.

ಕಳೆದ ತಿಂಗಳು ಅಮ್ಮ ಅವನ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದಿದ್ದಳು. ಮಾರನೆಯ ದಿನವೇ ಅವನ ಮೈಯೆಲ್ಲ ನಡುಗತೊಡಗಿತು. ಎದುರಿಗೆ ಇಲ್ಲದವರ ಜೊತೆ ಮಾತಾಡಲು ಶುರು ಮಾಡಿದ. ಆಸ್ಪತ್ರೆಯಲ್ಲಿ ಡಾಕ್ಟರು ಅವನಿಗಿಂತ ಹೆಚ್ಚಾಗಿ ಅಮ್ಮನನ್ನೇ ಬೈದರು. ಇಷ್ಟು ವರ್ಷ ಕುಡಿದವರಿಗೆ ಮನೆಯಲ್ಲಿ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಂತೆ. ಊರಾಚೆ ಒಂದು ಚಿಕಿತ್ಸಾ ಕೇಂದ್ರವಿದೆ, ಸೇನೆಯಲ್ಲಿದ್ದವರಿಗೆ ಅಲ್ಲಿ ಬೇರೆ ವಾರ್ಡೇ ಇದೆ, ಔಷಧಿ ಕೊಟ್ಟು ನಿಧಾನವಾಗಿ ಬಿಡಿಸುತ್ತಾರೆ ಎಂದರು. ಆದರೆ ಅವನಾಗಿಯೇ ಒಪ್ಪಿ ಬರಬೇಕು. ಬಲವಂತವಾಗಿ ಎಳೆತಂದವರನ್ನು ಸೇರಿಸಿಕೊಳ್ಳುವುದಿಲ್ಲ.

ಅವನಿಗೆ ಹೇಳುವವರು ಯಾರು ಎಂಬಲ್ಲಿಗೆ ಬಂದು ಎಲ್ಲವೂ ನಿಂತುಬಿಟ್ಟಿದೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ನೇರವಾಗಿ ಹೇಳಿದ್ದಿಲ್ಲ. ಅಪ್ಪ ತೀರಿಕೊಳ್ಳುವ ಮೊದಲು ಕಾಯಿಲೆ ಜೋರಾಗಿದೆ ಎಂದು ನನಗೆ ಗೊತ್ತಾದದ್ದು, ಅಮ್ಮ ನನ್ನ ಶಾಲೆಯ ಚೀಲವನ್ನು ಎತ್ತಿ ಅಟ್ಟಕ್ಕೆ ಹಾಕಿದಾಗ. ತಟ್ಟೆಯನ್ನು ಸ್ವಲ್ಪ ಸದ್ದಾಗುವಂತೆ ಇಟ್ಟರೆ ಸಿಟ್ಟು ಬಂದಿದೆ ಎಂದರ್ಥ. ಕೇಳದೆ ಎರಡನೇ ಸಲ ಟೀ ಕೊಟ್ಟರೆ ಸಿಟ್ಟು ಹೋಗಿದೆ ಎಂದರ್ಥ.

"ನೀನೇ ಹೇಳೇ," ಎಂದಳು ಅಮ್ಮ. "ನಿನ್ನ ಮಾತಾದ್ರೆ ಕೇಳ್ತಾನೆ."

ನನ್ನ ಮಾತು ಕೇಳುತ್ತಾನೋ ಇಲ್ಲವೋ ಗೊತ್ತಾಗಬೇಕಾದರೆ ನಾನು ಒಮ್ಮೆಯಾದರೂ ಮಾತಾಡಿರಬೇಕಲ್ಲ.

ಫೆಬ್ರವರಿ ೬, ಗುರುವಾರ

ಕೇಂದ್ರಕ್ಕೆ ಫೋನ್ ಮಾಡಿ ಯಾವ ದಿನ ಬರಬೇಕೆಂದು ಕೇಳಬೇಕಿತ್ತು. ಅಂಗಡಿಯಲ್ಲಿ ಬೆಳಗಿನಿಂದ ಫೋನು ಎತ್ತುವುದು, ಇಡುವುದು ಇಷ್ಟೇ ಆಯಿತು. ನಮ್ಮದು ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುವ ಅಂಗಡಿ. ಯಜಮಾನಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವಳು ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾಳೆ. ನಾನು ಹಿಂದೆ ಕೂತು ಜಿಪ್ಪು ಹಾಕುತ್ತೇನೆ, ಹಿಡಿಕೆ ಹೊಲಿಯುತ್ತೇನೆ, ಚಕ್ರ ಬದಲಿಸುತ್ತೇನೆ. ಈ ಏರ್ಪಾಡಿನಿಂದ ಇಬ್ಬರಿಗೂ ಸುಖ.

"ಫೋನೇನು ಕಚ್ಚುತ್ತೇನೆ?" ಎಂದು ಅಕ್ಕ ತಾನೇ ನಂಬರು ಒತ್ತಿ ನನ್ನ ಕಿವಿಗೆ ಹಿಡಿದಳು. ನನ್ನ ಕೈಯಲ್ಲಿ ದಬ್ಬಳ ಇತ್ತು, ಓಡಿಹೋಗಲು ಆಗಲಿಲ್ಲ.

ಆ ಕಡೆಯಿಂದ ಒಬ್ಬ ಗಂಡಸು, "ಯಾರಿಗಮ್ಮ ಚಿಕಿತ್ಸೆ? ನಿಮಗಾ?" ಎಂದು ಕೇಳಿದ.

"ಹೂಂ," ಎಂದುಬಿಟ್ಟೆ.

"ಎಷ್ಟು ವರ್ಷದಿಂದ ಕುಡೀತಿದ್ದೀರಿ?"

ಅಕ್ಕ ಫೋನು ಕಿತ್ತುಕೊಂಡಳು. "ಅವಳಲ್ಲಪ್ಪ. ಅವಳಿಗೆ ಸಾಯಂಕಾಲ ಟೀ ಕುಡಿದ್ರೇ ನಿದ್ದೆ ಬರಲ್ಲ. ಅವಳ ಚಿಕ್ಕಪ್ಪನಿಗೆ," ಎಂದು ಎಲ್ಲವನ್ನೂ ಮಾತಾಡಿ ಮುಗಿಸಿದಳು. ಬುಧವಾರ ಬರಬೇಕಂತೆ. ಆಮೇಲೆ ಸಂಜೆಯವರೆಗೂ ನನ್ನನ್ನು ನೋಡಿದಾಗಲೆಲ್ಲ, "ಎಷ್ಟು ವರ್ಷದಿಂದ?" ಎಂದು ಕೇಳಿ ನಗುತ್ತಿದ್ದಳು. ನನಗೂ ಕೊನೆಕೊನೆಗೆ ನಗು ಬಂತು.

ಫೆಬ್ರವರಿ ೯, ಭಾನುವಾರ

ಹೇಳಬಾರದ್ದನ್ನು ಹೇಳಿಬಿಟ್ಟೆ.

ಭಾನುವಾರ ಚಿಕ್ಕಪ್ಪ ಮನೆಯವರೆಲ್ಲರ ಚಪ್ಪಲಿ, ಬೂಟುಗಳನ್ನು ಸಾಲಾಗಿ ಇಟ್ಟುಕೊಂಡು ಪಾಲಿಶ್ ಮಾಡುತ್ತಾನೆ. ಅಮ್ಮನ ರಬ್ಬರ್ ಚಪ್ಪಲಿಯನ್ನೂ ಬಿಡುವುದಿಲ್ಲ, ಅದನ್ನು ಬ್ರಶ್ಶಿನಿಂದ ಉಜ್ಜಿ ತೊಳೆದಿಡುತ್ತಾನೆ. ಕುಡಿಯುವ ಮೊದಲು ಮುಗಿಸುವ ಕೆಲಸ ಅದೊಂದೇ. ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ.

"ಏನು ಇಲಿಮರಿ," ಎಂದ. ನಾನು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನನ್ನ ಹೆಸರು ಅದೇ. "ಬಾಯೊಳಗೆ ಏನೋ ಇಟ್ಕೊಂಡಿದ್ದೀಯ. ಉಗುಳು."

"ಊರಾಚೆ ಒಂದು ಕೇಂದ್ರ ಇದೆ."

"ಎಂಥ ಕೇಂದ್ರ?"

"ಮಿಲಿಟರಿಯವರಿಗೆ ಅಂತಲೇ ಇರೋದು. ಅಲ್ಲಿ..."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣುಗಳು ಕೆಂಪಾಗಿದ್ದವು, ಆದರೆ ಒಳ್ಳೆಯ ಮನಸ್ಸಿನಲ್ಲಿದ್ದ. ಆ ಮುಖ ನೋಡಿಕೊಂಡು ನನ್ನಿಂದ ಹೇಳಲಾಗಲಿಲ್ಲ.

"ಅಲ್ಲಿ ಡ್ರೈವರ್ ಬೇಕಂತೆ," ಎಂದೆ.

ಬ್ರಶ್ಶು ನಿಂತಿತು. "ಯಾವ ಗಾಡಿ?"

"ದೊಡ್ಡದು."

"ನನ್ನನ್ನೇ ಕೇಳಿದ್ರಾ?"

"ಹೂಂ. ಬುಧವಾರ ಬರಬೇಕಂತೆ."

ಚಿಕ್ಕಪ್ಪ ಸೇನೆಯಲ್ಲಿ ಬೆಟ್ಟದ ದಾರಿಗಳಲ್ಲಿ ಲಾರಿ ಓಡಿಸುತ್ತಿದ್ದವನು. ಬಿಟ್ಟುಬಂದ ಮೇಲೆ ಎರಡು ಕಡೆ ಕೆಲಸ ಹಿಡಿದು, ಬಾಯಿಯ ವಾಸನೆಗೆ ಎರಡನ್ನೂ ಕಳೆದುಕೊಂಡ. ಆಮೇಲೆ ಯಾರೂ ಕರೆದಿರಲಿಲ್ಲ.

ಅಮ್ಮನಿಗೆ ಹೇಳಿದಾಗ ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ, "ಹೋಗಲಿ ಬಿಡು, ಒಳಗೆ ಕಾಲಿಟ್ಟ ಮೇಲೆ ಅವರೇ ಹೇಳ್ತಾರೆ," ಎಂದಳು. ಈಗ ಸುಳ್ಳು ಇಬ್ಬರದೂ ಆಯಿತು.

ಫೆಬ್ರವರಿ ೧೧, ಮಂಗಳವಾರ

ಚಿಕ್ಕಪ್ಪ ಕ್ಷೌರ ಮಾಡಿಸಿಕೊಂಡು ಬಂದ. ಪ್ಯಾಂಟಿಗೆ ಎರಡು ಸಲ ಇಸ್ತ್ರಿ ಹಾಕಿದ. ಕೈ ನಡುಗದಿರಲಿ ಎಂದು ಸ್ವಲ್ಪವೇ ಕುಡಿದ, ಅದನ್ನು ಅಮ್ಮನಿಗೆ ತೋರಿಸಿಯೇ ಕುಡಿದ. ನೀರು ಕಾಯಿಸುವಾಗ ಏನೋ ಗುನುಗುತ್ತಿದ್ದ. ಅಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಂಗಡಿಯಲ್ಲಿ ಒಂದು ಜಿಪ್ಪಿಗೆ ಎಳೆಯುವ ರನ್ನರನ್ನೇ ತಿರುವುಮುರುವಾಗಿ ಹಾಕಿ, ಎಲ್ಲ ಬಿಚ್ಚಿ ಮತ್ತೆ ಹೊಲಿದೆ.

ಫೆಬ್ರವರಿ ೧೨, ಬುಧವಾರ

ಕೇಂದ್ರ ಒಂದು ಉದ್ದನೆಯ, ತಗ್ಗು ಮಾಡಿನ ಕಟ್ಟಡ. ಬಾಗಿಲ ಬಳಿ ಒಂದೇ ಥರದ ನೀಲಿ ಚಪ್ಪಲಿಗಳು ಸಾಲಾಗಿದ್ದವು. ಚಿಕ್ಕಪ್ಪನಿಗೆ ಆ ಸಾಲು ಹಿಡಿಸಿತು. "ಶಿಸ್ತಿದೆ," ಎಂದ.

ಒಳಗೆ ಕರೆದವರು ಅಲ್ಲಿನ ಸಲಹೆಗಾರ್ತಿ. ಅಮ್ಮನ ವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಕೂರಲು ಹೇಳಿದರೂ ಚಿಕ್ಕಪ್ಪ ಕೂರಲಿಲ್ಲ. ಕೈ ಹಿಂದೆ ಕಟ್ಟಿ ನಿಂತು, ತಾನು ಯಾವ ಯಾವ ಗಾಡಿ ಓಡಿಸಿದ್ದೇನೆ, ಹಿಮ ಬಿದ್ದ ದಾರಿಯಲ್ಲಿ ಇಳಿಜಾರು ಹೇಗೆ ಇಳಿಸಬೇಕು ಎಂದೆಲ್ಲ ಹೇಳಿದ. ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟ. ಅವರು ಪೂರ್ತಿ ಕೇಳಿದರು.

"ಕುಡಿಯೋದು ಯಾವಾಗಿಂದ?"

"ಡ್ಯೂಟಿ ಮೇಲೆ ಮುಟ್ಟಲ್ಲ ಮೇಡಂ."

"ಸರಿ. ಆದ್ರೆ ಇಲ್ಲಿ ಡ್ರೈವರ್ ಕೆಲಸ ಯಾವುದೂ ಖಾಲಿ ಇಲ್ಲವಲ್ಲ. ಇದು ಕುಡಿತ ಬಿಡಿಸೋ ಜಾಗ. ಯಾರು ಹೇಳಿದ್ದು ನಿಮಗೆ?"

ಚಿಕ್ಕಪ್ಪ ನನ್ನ ಕಡೆ ತಿರುಗಿದ. ನಾನು ನೆಲ ನೋಡುತ್ತ ಕೂತಿದ್ದೆ. ಆ ನೆಲದ ಹಾಸುಗಲ್ಲಿನಲ್ಲಿ ಎಲ್ಲೆಲ್ಲಿ ಬಿರುಕು ಇದೆ ಎಂದು ಈಗಲೂ ಹೇಳಬಲ್ಲೆ.

"ಯಾರೂ ಹೇಳಿಲ್ಲ ಮೇಡಂ," ಎಂದ. "ನಾನೇ ತಪ್ಪು ತಿಳ್ಕೊಂಡೆ. ತೊಂದರೆ ಕೊಟ್ಟೆ, ಕ್ಷಮಿಸಿ."

ಲೈಸೆನ್ಸನ್ನು ಜೇಬಿಗಿಟ್ಟುಕೊಂಡು ಹೊರಗೆ ನಡೆದ. ನಾನು ಎದ್ದಾಗ ಸಲಹೆಗಾರ್ತಿ ನನ್ನ ತೋಳು ಹಿಡಿದು, "ಇನ್ನೊಂದ್ಸಲ ಕರ್ಕೊಂಡು ಬಾಮ್ಮ. ಆದ್ರೆ ಹೇಳಿ ಕರ್ಕೊಂಡು ಬಾ," ಎಂದರು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವನು ದಾರಿಯುದ್ದಕ್ಕೂ ನಿಂತೇ ಬಂದ.

ಫೆಬ್ರವರಿ ೧೩, ಗುರುವಾರ

ಚಿಕ್ಕಪ್ಪ ಊಟಕ್ಕೆ ಬರಲಿಲ್ಲ. ಅಮ್ಮ ತಟ್ಟೆ ಮುಚ್ಚಿಟ್ಟಳು.

ಫೆಬ್ರವರಿ ೧೬, ಭಾನುವಾರ

ಇಂದು ಅವನು ಬೂಟು, ಚಪ್ಪಲಿಗಳನ್ನು ಸಾಲಾಗಿಟ್ಟುಕೊಂಡಾಗ ನನ್ನವನ್ನು ಬಿಟ್ಟಿದ್ದ. ನಾನೇ ಅವನ್ನು ತೆಗೆದುಕೊಂಡು ಹೋಗಿ ಸಾಲಿನ ಕೊನೆಗಿಟ್ಟು, ಪಕ್ಕದಲ್ಲಿ ಕೂತೆ. ನಾನು ಎದುರಿನ ಗೋಡೆಗೆ ಹೇಳುವವಳ ಹಾಗೆ ಹೇಳಿದೆ.

"ಚಿಕ್ಕಪ್ಪ, ಡ್ರೈವರ್ ಕೆಲಸ ಇರಲಿಲ್ಲ. ನಾನೇ ಕಟ್ಟಿ ಹೇಳಿದ್ದು. ನೀನು ತುಂಬ ಕುಡೀತೀಯ. ಅಲ್ಲಿ ಇದ್ದು ಬಿಡಿಸ್ಕೋಬೇಕು. ನನಗೆ ಭಯ ಆಗುತ್ತೆ."

"ಏನು ಭಯ?"

"ಒಂದಿನ ಮೆಟ್ಟಿಲ ಮೇಲೆ ಎಬ್ಬಿಸಿದ್ರೆ ನೀನು ಏಳಲ್ಲ ಅಂತ."

ಅವನು ಕೈಯಲ್ಲಿದ್ದ ಬೂಟಿಗೆ ಮತ್ತೆ ಮತ್ತೆ ಒಂದೇ ಕಡೆ ಬ್ರಶ್ಶು ತಿಕ್ಕಿದ. ಅದು ಆಗಲೇ ಹೊಳೆಯುತ್ತಿತ್ತು, ಆದರೂ ತಿಕ್ಕಿದ.

"ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ," ಎಂದ. "ಮೂರು ದಿನ ಅಷ್ಟೊಂದು ಖುಷಿಯಾಗಿದ್ದೆನಲ್ಲ, ಅದಕ್ಕೆ ನಾಚಿಕೆ."

ನಾನು ಅಮ್ಮನ ರಬ್ಬರ್ ಚಪ್ಪಲಿ ತೊಳೆಯತೊಡಗಿದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. "ಹಾಗಲ್ಲ, ಅಂಚಿನಿಂದ ಶುರು ಮಾಡಬೇಕು," ಎಂದ. ಆಮೇಲೆ, "ಯಾವತ್ತು ಹೋಗೋದು?" ಎಂದ.

ಒಳಗೆ ಅಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಕೇಳದೆಯೇ ಎರಡನೇ ಸಲ ಟೀ ಕೊಟ್ಟಳು.

ಫೆಬ್ರವರಿ ೧೮, ಮಂಗಳವಾರ

ಸೇರಿದ. ಮೇಜಿನ ಬಳಿಯಿದ್ದವನು ನಮ್ಮಿಬ್ಬರನ್ನೂ ನೋಡಿ, "ಪೇಷಂಟ್ ಯಾರು?" ಎಂದ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, "ನಾನು," ಎಂದು ಒಂದು ಹೆಜ್ಜೆ ಮುಂದೆ ಬಂದ. ಮೇಜಿನವನ ಧ್ವನಿ ಅವತ್ತು ಫೋನಿನಲ್ಲಿ ಕೇಳಿದ್ದೇ ಆಗಿತ್ತು. ನಾನು ಅವನಿಗೆ, "ಅವತ್ತು ಫೋನಿನಲ್ಲಿ ನಾನು 'ಹೂಂ' ಅಂದದ್ದು ತಪ್ಪು, ಪೇಷಂಟ್ ಇವರೇ," ಎಂದೆ. ಅವನಿಗೆ ನೆನಪಿತ್ತು, ನಕ್ಕ.

ಮನೆಗೆ ಬಂದರೆ ಅಮ್ಮ ಚಿಕ್ಕಪ್ಪನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಳು. ಇಬ್ಬರೂ ಬೇಗ ಊಟ ಮಾಡಿದೆವು. ಮೆಟ್ಟಿಲ ಸದ್ದಿಗೆ ಕಿವಿಗೊಡುವ ಕೆಲಸ ಇರಲಿಲ್ಲ.

ಮಾರ್ಚ್ ೨, ಭಾನುವಾರ

ಮೊದಲ ಎರಡು ಭಾನುವಾರ ಯಾರನ್ನೂ ನೋಡಲು ಬಿಡುವುದಿಲ್ಲ ಎಂದಿದ್ದರು. ಮೊದಲ ದಿನಗಳು ಕಷ್ಟವಂತೆ. ಅಲ್ಲಿನ ನಿಯಮ ಒಂದು ವಾರ ಸಡಿಲಿಸಬಹುದೇ ಎಂದು ನಾನು ಫೋನ್ ಮಾಡಿ ಕೇಳಿದ್ದೆ. ಒಪ್ಪಿದರು, ಅಮ್ಮನೂ ನಾನೂ ಹೋದೆವು.

ಚಿಕ್ಕಪ್ಪ ಸೊರಗಿದ್ದಾನೆ, ಆದರೆ ಮುಖದಲ್ಲಿ ಕಳೆ ಬಂದಿದೆ. ನಾವು ಮಾತಾಡಿಸುವ ಮೊದಲೇ ಗಂಡನನ್ನು ನೋಡಲು ಬಂದಿದ್ದ ಒಬ್ಬ ಹೆಂಗಸು ಅವನ ಮುಂದೆ ಕೈಮುಗಿದು, "ಸಾರ್, ನಮ್ಮವರನ್ನ ಯಾವಾಗ ಮನೆಗೆ ಬಿಡ್ತೀರಿ?" ಎಂದು ಕೇಳಿದಳು. ಅವನು ಅವಳ ಗಂಡನ ಊಟ, ನಿದ್ದೆ ಎಲ್ಲವನ್ನೂ ವಿವರವಾಗಿ ಹೇಳಿ, ಡಾಕ್ಟರನ್ನು ಕೇಳಿ ಎಂದು ಕಳಿಸಿದ. ಅವಳು ಹೋಗುವವರೆಗೂ ತಾನು ಅಲ್ಲಿನ ಸಿಬ್ಬಂದಿಯಲ್ಲ, ರೋಗಿ ಎಂದು ಹೇಳಲಿಲ್ಲ.

ಪಕ್ಕದ ಮಂಚದವನು ಸೇನೆಯಲ್ಲಿ ಅಡುಗೆ ಮಾಡುತ್ತಿದ್ದವನಂತೆ, ದಪ್ಪಗಿದ್ದಾನೆ. ಅಮ್ಮನ ಹತ್ತಿರ ದೂರು ಹೇಳಿದ: "ನೋಡಿ ತಾಯಿ, ಕುಡಿತ ಬಿಡಿಸ್ತಾರೆ ಅಂತ ಇಲ್ಲಿಗೆ ಬಂದೆ. ನಿಮ್ಮ ಮೈದುನ ನನ್ನನ್ನ ಮತ್ತೆ ಮಿಲಿಟರಿಗೆ ಸೇರಿಸಿಬಿಟ್ಟ. ಬೆಳಿಗ್ಗೆ ಬೆಳಿಗ್ಗೆ ಕಂಬಳಿ ಮಡಚಿಸ್ತಾನೆ. ಮಡಿಕೆ ಸರಿಯಿಲ್ಲ ಅಂತ ಬಿಚ್ಚಿಸ್ತಾನೆ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಆದರೆ ಸಲಹೆಗಾರ್ತಿ ನಗಲಿಲ್ಲ. "ಎಲ್ಲರನ್ನೂ ನೋಡ್ಕೋತಾರೆ, ತಮ್ಮ ಬಗ್ಗೆ ಮಾತ್ರ ಒಂದಕ್ಷರ ಬಾಯಿ ಬಿಡಲ್ಲ," ಎಂದರು.

"ಬಿಡದೇ ಇದ್ರೆ?" ಎಂದು ಕೇಳಿದೆ.

"ಮೈಗೆ ಔಷಧಿ ಕೊಟ್ಟಿದ್ದೀವಿ. ಆದ್ರೆ ಯಾತಕ್ಕೆ ಕುಡೀತಿದ್ರೋ ಅದು ಹಾಗೇ ಒಳಗಿದ್ರೆ, ಮನೆಗೆ ಹೋದ ವಾರದಲ್ಲೇ ಮತ್ತೆ ಶುರುವಾಗುತ್ತೆ. ಬೇಕಾದಷ್ಟು ನೋಡಿದ್ದೀನಿ."

ಮಾರ್ಚ್ ೭, ಶುಕ್ರವಾರ

ಒಬ್ಬ ಗಿರಾಕಿ, ರಿಪೇರಿಯಾದ ಸೂಟ್‌ಕೇಸಿನ ಚಕ್ರ ಮತ್ತೆ ಕಿತ್ತುಬಂದಿದೆ ಎಂದು ಕೂಗಾಡಿದ. ನಾನು ಎದ್ದು ಹೋಗಿ ಚಕ್ರ ತಿರುಗಿಸಿ ತೋರಿಸಿ, ಇದು ಮೆಟ್ಟಿಲ ಮೇಲೆ ಎಳೆದು ಮುರಿದದ್ದು, ಬೇರೆ ಹಾಕಿಕೊಡುತ್ತೇನೆ, ಆದರೆ ಇನ್ನುಮುಂದೆ ಎತ್ತಿಕೊಂಡು ಹೋಗಿ ಎಂದೆ. ಅವನು ಸುಮ್ಮನಾದ. ಅಕ್ಕ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಮೂಗಿನ ಮೇಲೆ ದಾರಕ್ಕೆ ಹಚ್ಚುವ ಮೇಣ ಅಂಟಿತ್ತೇನೋ. ಒರೆಸಿಕೊಂಡೆ.

ಮಾರ್ಚ್ ೧೬, ಭಾನುವಾರ

ಇಂದು ಮನೆಯವರ ಸಭೆ. ದುಂಡಗೆ ಕುರ್ಚಿ ಹಾಕಿದ್ದರು. ಪ್ರತಿಯೊಬ್ಬರೂ ಮನೆಯಲ್ಲಿ ಇದುವರೆಗೆ ಹೇಳದೇ ಇದ್ದ ಒಂದು ಮಾತನ್ನು ಹೇಳಬೇಕು. ನಮ್ಮ ಮನೆಯವರಿಗೆ ಒಂದು ಸಾಕೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಮ್ಮನ ಸರದಿ ಬಂದಾಗ ಅವಳು ಬಳೆ ತಿರುಗಿಸುತ್ತ ಕೂತಳು. ಕೊನೆಗೆ, "ನೀನು ಊಟಕ್ಕೆ ಬರದ ದಿನ ನಾನೂ ಊಟ ಮಾಡಿಲ್ಲ," ಎಂದಳು. ಚಿಕ್ಕಪ್ಪ ಅವಳನ್ನು ನೋಡಿದ. "ಒಂದು ದಿನಾನೂ?" ಎಂದ. ಅಮ್ಮ ತಲೆಯಾಡಿಸಿದಳು.

ಆಮೇಲೆ ನನ್ನ ಸರದಿ. ಹೇಳುವುದಕ್ಕಿಂತ ಕೇಳುವುದೇ ಇತ್ತು ನನಗೆ. "ಚಿಕ್ಕಪ್ಪ, ಕುಡೀದೆ ಮಲಗಿದ್ರೆ ನಿನಗೆ ಏನು ಕಾಣುತ್ತೆ?"

ಯಾರೋ ಕೆಮ್ಮಿದರು. ಸಲಹೆಗಾರ್ತಿ ಅಲ್ಲಾಡಲಿಲ್ಲ. ಚಿಕ್ಕಪ್ಪ ಮೊಣಕಾಲಿನ ಮೇಲೆ ಕೈಯೂರಿ, ಎದುರಿಗೆ ದಾರಿಯಿದೆಯೋ ಎಂಬಂತೆ ನೇರ ನೋಡಿಕೊಂಡು ಹೇಳಿದ.

"ಕನ್ನಡಿ. ಗಾಡಿಯ ಪಕ್ಕದ ಕನ್ನಡಿ. ಹಿಂದೆ ಬರ್ತಿದ್ದ ಗಾಡಿಯ ದೀಪ ಅದರಲ್ಲಿ ಕಾಣ್ತಿತ್ತು. ಅದರಲ್ಲಿದ್ದವನು ನನ್ನ ಜೊತೆಯವನು. ಬೆಳಿಗ್ಗೆ ಚಳಿ ಅಂತ ನನ್ನ ಕೈಗವಸು ಈಸ್ಕೊಂಡು ಹಾಕ್ಕೊಂಡಿದ್ದ. ಒಂದು ತಿರುವು ಬಂತು. ತಿರುವು ದಾಟಿದ ಮೇಲೆ ಕನ್ನಡೀಲಿ ದೀಪ ಇರಲಿಲ್ಲ."

ಆಮೇಲೆ, "ಯಾರೂ ನಿಲ್ಲಿಸಬಾರದು ಅಂತ ಆರ್ಡರ್ ಇತ್ತು," ಎಂದ. "ನಿಲ್ಲಿಸಲಿಲ್ಲ."

ಅಡುಗೆಯವನು ಎದ್ದು, ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಚಿಕ್ಕಪ್ಪನ ಪಕ್ಕಕ್ಕೆ ಹಾಕಿ ಕೂತ. ಚಿಕ್ಕಪ್ಪ ಜೇಬಿನಿಂದ ಕರವಸ್ತ್ರ ತೆಗೆದು, ಮಡಿಕೆ ಬಿಡಿಸಿ ಕಣ್ಣೊರೆಸಿಕೊಂಡು, ಮತ್ತೆ ಅದೇ ಮಡಿಕೆಗಳಿಗೆ ಮಡಚಿ ಜೇಬಿಗಿಟ್ಟ. ಒಮ್ಮೆಯಲ್ಲ, ಮೂರು ನಾಲ್ಕು ಸಲ ಹಾಗೆ ಮಾಡಬೇಕಾಯಿತು.

ಬರುವಾಗ ಬಸ್ ನಿಲ್ದಾಣದಲ್ಲಿ ಅಮ್ಮನೂ ನಾನೂ ಬನ್ನು ತಿಂದು ಟೀ ಕುಡಿದೆವು. ಅಮ್ಮ ಇನ್ನೊಂದು ಬನ್ನು ಬೇಕು ಎಂದಳು. ಬೇಕು ಎಂದು ಬಾಯಿಬಿಟ್ಟೇ ಹೇಳಿದಳು.

ಮಾರ್ಚ್ ೨೯, ಶನಿವಾರ

ಚಿಕ್ಕಪ್ಪ ಇಂದು ಮನೆಗೆ ಬಂದ. ಪ್ರತಿ ವಾರ ಒಂದು ದಿನ ಕೇಂದ್ರಕ್ಕೆ ಹೋಗಿಬರಬೇಕು, ಮಾತ್ರೆ ಬಿಡಬಾರದು. ಹೊರಡುವಾಗ ಅಡುಗೆಯವನು ಬಾಗಿಲವರೆಗೂ ಬಂದ. "ಇವತ್ತಿನಿಂದ ಕಂಬಳಿ ಮುದ್ದೆ ಮಾಡಿ ಎಸೀತೀನಿ, ಏನ್ ಮಾಡ್ತೀಯೋ ಮಾಡ್ಕೋ," ಎಂದ. ಸಲಹೆಗಾರ್ತಿ ಚಿಕ್ಕಪ್ಪನಿಗೆ, "ಆಸೆ ಬರುತ್ತೆ. ಬಂದಾಗ ನುಂಗ್ಕೋಬೇಡಿ, ಪಕ್ಕದಲ್ಲಿರೋರಿಗೆ ಹೇಳಿ," ಎಂದರು.

ಮೊದಲ ಬಸ್ಸು ಇಳಿದು ಎರಡನೆಯದಕ್ಕೆ ಕಾಯಬೇಕು. ಆ ನಿಲ್ದಾಣದ ಎದುರಿಗೇ ಒಂದು ಬಾರು ಇರುವುದು ನನಗೆ ಹೊಳೆದಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಒಳಗಿನ ತಣ್ಣನೆಯ ಗಾಳಿ ರಸ್ತೆಯವರೆಗೂ ಬರುತ್ತಿತ್ತು. ಚಿಕ್ಕಪ್ಪ ನೆಟ್ಟಗೆ ನಿಂತಿದ್ದ. ಕುತ್ತಿಗೆಯ ಹತ್ತಿರ ಬೆವರು ಕಂಡಿತು.

"ಇಲಿಮರಿ."

"ಏನು?"

"ನನಗೆ ಈಗ ಕುಡೀಬೇಕು ಅನ್ನಿಸ್ತಿದೆ."

ನಿಲ್ದಾಣದಲ್ಲಿದ್ದ ನಾಲ್ಕು ಜನ ನಮ್ಮ ಕಡೆ ತಿರುಗಿದರು. ತಿರುಗಲಿ.

"ತುಂಬಾನಾ?"

"ತುಂಬಾ."

"ಹಾಗಾದ್ರೆ ಬಸ್ಸು ಬೇಡ. ನಡಿ, ನಡ್ಕೊಂಡೇ ಹೋಗೋಣ."

ಅವನ ಬ್ಯಾಗನ್ನು ನಾನು ಒಂದು ಕಡೆ, ಅವನು ಒಂದು ಕಡೆ ಹಿಡಿದುಕೊಂಡು ನಡೆದೆವು. ಪೇಂಟ್ ಅಂಗಡಿ, ಪೆಟ್ರೋಲ್ ಬಂಕು, ಮುಚ್ಚಿದ ಚಿತ್ರಮಂದಿರ ಎಲ್ಲ ದಾಟಿದೆವು. ಸೇತುವೆಯ ಹತ್ತಿರ, "ಈಗ?" ಎಂದೆ. "ಇದೆ," ಎಂದ. ನಾನು ಅಂಗಡಿಯ ಸುದ್ದಿ ಹೇಳಿದೆ. ಸೂಟ್‌ಕೇಸಿನವನ ಕಥೆ, ಫೋನಿನಲ್ಲಿ ನಾನೇ ಕುಡುಕಿಯಾದ ಕಥೆ, ಮೇಲಿನ ಮಹಡಿಯ ಮುದುಕಿ ನಾಲ್ಕು ದಿನಕ್ಕೊಮ್ಮೆ ಅವನನ್ನು ವಿಚಾರಿಸುತ್ತಿದ್ದದ್ದು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ತರಕಾರಿ ಮಾರುಕಟ್ಟೆಯ ಹತ್ತಿರ ಮತ್ತೆ, "ಈಗ?" ಎಂದೆ.

"ಇದೆ. ಮೊದಲಿನಷ್ಟಿಲ್ಲ." ಸ್ವಲ್ಪ ದೂರ ನಡೆದು, "ನೀನು ಇಷ್ಟು ಮಾತಾಡ್ತೀಯ ಅಂತ ಗೊತ್ತಿದ್ರೆ ನಾನು ಕುಡೀತಾನೇ ಇರಲಿಲ್ಲ ಕಣೇ," ಎಂದ. "ನಿದ್ದೆ ಬರೋಕೆ ಇದೇ ಸಾಕಿತ್ತು."

ಮನೆ ಸೇರುವಾಗ ದೀಪ ಹಾಕುವ ಹೊತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಮುಖ ಸಣ್ಣಗಾಗಿತ್ತು.

"ಯಾಕಿಷ್ಟು ಹೊತ್ತು?"

"ಬಾರ್ ಮುಂದೆ ಕಾಲು ನಿಂತುಬಿಡ್ತು ಅತ್ತಿಗೆ," ಎಂದ ಚಿಕ್ಕಪ್ಪ. "ಒಳಗೆ ಹೋಗಲಿಲ್ಲ. ಅದಕ್ಕೇ ನಡ್ಕೊಂಡು ಬಂದ್ವಿ."

ಅಮ್ಮ ಅವನನ್ನು ನೋಡಿದಳು. ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ನಾಳೇನೂ ನಿಂತ್ರೆ?" ಎಂದು ಕೇಳಿದಳು.

"ನಾಳೇನೂ ಹೇಳ್ತೀನಿ."

"ಹೇಳು ಮತ್ತೆ," ಎಂದಳು ಅಮ್ಮ. "ಕೈಕಾಲು ತೊಳ್ಕೊಂಡು ಬನ್ನಿ ಇಬ್ಬರೂ. ನನಗೆ ಹಸಿವಾಗಿದೆ."